ಸಬ್ಸಿಡಿ ಕೊಟ್ರೂ ಕಬ್ಬು ಬೆಳೆಗಾರರ ಕೈಲಿ ಯಾಕೆ ನಿಲ್ಲಲ್ಲ?
ಪಂಪ್‌ಸೆಟ್‌ಗೆ ಫ್ರೀ ಕರೆಂಟು, ಗೊಬ್ಬರಕ್ಕೆ ಸಬ್ಸಿಡಿ ಇದ್ರೂ ಕಬ್ಬಿನ ರೈತರು ಯಾಕೆ ಬೀದಿಗಿಳಿತಾರೆ ಅಂತ ಕೇಳಿದ್ರಲ್ಲ ಸರ್, ಕಬ್ಬು ಕಡಿದ್ಮೇಲೆ ಒಣಗ್ತಾ ತೂಕ ಇಳಿಯುತ್ತೆ, ಇಟ್ಕೊಂಡು ಕಾಯೋಕಾಗಲ್ಲ, ಹತ್ರ ಇರೋದು ಒಂದೋ ಎರಡೋ ಫ್ಯಾಕ್ಟರಿ, ತೂಕ ಹಾಕೋರೂ ಅವ್ರೇ ರಿಕವರಿ, ಅಂದ್ರೆ ಕಬ್ಬಿನಿಂದ ಸಿಗೋ ಸಕ್ಕರೆ ಪ್ರಮಾಣ, ಎಷ್ಟು ಅಂತ ಹೇಳೋರೂ ಅವ್ರೇ. 2025-26ಕ್ಕೆ ಎಫ್‌ಆರ್‌ಪಿ, ಅಂದ್ರೆ ಫ್ಯಾಕ್ಟರಿ ಕೊಡ್ಲೇಬೇಕು ಅಂತ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕನಿಷ್ಠ ರೇಟು, ಕ್ವಿಂಟಾಲ್‌ಗೆ 355 ರೂಪಾಯಿ, ಆದ್ರೆ ಅದು 10.25 ಪರ್ಸೆಂಟ್ ರಿಕವರಿಗೆ, ಅದಕ್ಕಿಂತ ಕಮ್ಮಿ ತೋರಿಸಿದ್ರೆ ರಿಕವರಿ 9.5 ಪರ್ಸೆಂಟ್‌ಗೆ ಬರೋ ತನಕ ರೇಟೂ ಇಳಿಯುತ್ತೆ, ಮೇಲೆ ಕಟಾವು ಸಾಗಾಣಿಕೆ ಖರ್ಚು ಬೇರೆ ಮುರ್ಕೋತಾರೆ. 14 ದಿನದಲ್ಲಿ ದುಡ್ಡು ಕೊಡ್ಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ, ಆದ್ರೂ ಬಾಕಿ ಉಳಿಸ್ಕೋತಾರೆ. ಹಿಂಗಾಗಿ ಕರೆಂಟು ಗೊಬ್ಬರದಲ್ಲಿ ಉಳಿದಿದ್ದು ಅಗ್ಗದ ಕಬ್ಬಾಗಿ ಫ್ಯಾಕ್ಟರಿ ಸೇರುತ್ತೆ. ಮೊದ್ಲು ಗೇಟಿನ ಹೊರಗೆ ಸರ್ಕಾರದ್ದೇ ವೇಬ್ರಿಡ್ಜ್, ಅಂದ್ರೆ ಲೋಡ್ ಸಮೇತ ಗಾಡಿ ತೂಗೋ ತೂಕದ ಕಟ್ಟೆ, ಬರ್ಲಿ.