ಟೆಕ್ಸ್ಟ್ ಬಾಕ್ಸ್ ಮುಂದಿನ ಪುಟಕ್ಕೆ ಹಾರುವುದು ಯಾಕೆ?

ಕೊಡಗಿನ ಪುತ್ತರಿ ಹಬ್ಬದ ಕೋಲಾಟದ ಕರಪತ್ರದಲ್ಲಿ ಮೇಲೆ ಎರಡು ಸಾಲು ಸೇರಿಸಿದರೆ ಸಾಕು, ಮಂದ್‌ನ (ಕೋಲಾಟ ನಡೆಯುವ ಊರ ಮೈದಾನದ) ವಿಳಾಸ ಇರುವ ಬಾಕ್ಸ್ ಮುಂದಿನ ಪುಟಕ್ಕೆ ಹಾರುತ್ತದೆ, ಒತ್ತಕ್ಷರಗಳೂ ಅರ್ಧ ಕತ್ತರಿಸುತ್ತವೆ ಅಂದಿರಲ್ಲ. ವರ್ಡ್‌ನಲ್ಲಿ ಬಾಕ್ಸ್ ಪುಟಕ್ಕೆ ಅಂಟಿರುವುದಿಲ್ಲ, ಯಾವುದೋ ಒಂದು ಪ್ಯಾರಾಕ್ಕೆ ಕಟ್ಟಿರುತ್ತದೆ.

ಬಾಕ್ಸ್ ಮೇಲೆ ಕ್ಲಿಕ್ ಮಾಡಿದರೆ ಪ್ಯಾರಾ ಪಕ್ಕ ಪುಟ್ಟ ಲಂಗರಿನ (ಆಂಕರ್) ಗುರುತು ಕಾಣುತ್ತದೆ. ಅದನ್ನು ಎಳೆದು ಪುಟದ ಶೀರ್ಷಿಕೆ ಪಕ್ಕ ಬಿಡಿ. ಆಮೇಲೆ ಲೇಔಟ್ ಆಪ್ಷನ್ಸ್‌ನಲ್ಲಿ ‘ಫಿಕ್ಸ್ ಪೊಸಿಷನ್ ಆನ್ ಪೇಜ್’ ಆರಿಸಿ. ಸುಮ್ನೆ ಇದೊಂದನ್ನೇ ಒತ್ತಿ ಲಂಗರನ್ನು ಇದ್ದಲ್ಲೇ ಬಿಟ್ಟರೆ, ಆ ಪ್ಯಾರಾ ಮುಂದಿನ ಪುಟಕ್ಕೆ ಹೋದಾಗ ಬಾಕ್ಸೂ ಅದರ ಹಿಂದೆಯೇ ಹೋಗುತ್ತದೆ, ಜಾಸ್ತಿ ಜನ ಎಡವುವುದು ಇಲ್ಲೇ. ‘ಲಾಕ್ ಆಂಕರ್’ ಹೆಸರು ನೋಡಿ ಮೋಸ ಹೋಗಬೇಡಿ, ಅದು ಲಂಗರನ್ನು ಹಿಡಿದಿಡುತ್ತದೆ, ಬಾಕ್ಸನ್ನಲ್ಲ.

ಒತ್ತಕ್ಷರದ ಕಥೆ ಬೇರೆ. ಲೈನ್ ಸ್ಪೇಸಿಂಗ್ ‘ಎಕ್ಸಾಕ್ಟ್ಲಿ’ ಅಂತ ಇರಬಹುದು, ‘ಸಿಂಗಲ್’ ಮಾಡಿ. ಇಂಗ್ಲಿಷಿಗೆ ಸಾಕಾಗುವ ಜಾಗ ನಮ್ಮ ‘ಸ್ತ್ರೀ’ಗೆ ಎಲ್ಲಿ ಸಾಕು, ಅಲ್ವಾ? ಕೊನೆಯ ಸಾಲೇ ಮಾಯವಾದರೆ ಫಾರ್ಮ್ಯಾಟ್ ಶೇಪ್‌ನಲ್ಲಿ ‘ರೀಸೈಜ್ ಶೇಪ್ ಟು ಫಿಟ್ ಟೆಕ್ಸ್ಟ್’ಗೆ ಟಿಕ್ ಹಾಕಿ.

ಮಡಿಕೇರಿಯ ಪ್ರೆಸ್‌ಗೆ ಮಾತ್ರ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಮಾಡಿ ಕೊಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಎಲ್ಲ ಮತ್ತೆ ಅಸ್ತವ್ಯಸ್ತ.