ರೆಪ್ಪೆಯ ಗಂಟಿಗೆ ಲೇಸರ್: ಸುಡುವ ಮೊದಲು ಸೂಜಿ ಪರೀಕ್ಷೆ

ಪ್ರಶ್ನೆ: ನಮ್ಮ 11 ವರ್ಷದ ಲ್ಯಾಬ್ರಡಾರ್‌ನ ಮೇಲ್ರೆಪ್ಪೆಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಗಂಟು, ಬೆನ್ನ ಮೇಲೆ ನಾಲ್ಕೈದು ನರಹುಲಿ ಎದ್ದಿವೆ. ಎಲ್ಲವನ್ನೂ ಲೇಸರ್‌ನಲ್ಲಿ ಸುಟ್ಟುಬಿಡಬಹುದೇ?

ಉತ್ತರ: ಎಲ್ಲವನ್ನೂ ಒಟ್ಟಿಗೆ ಬೇಡ. ಸುಟ್ಟುಹೋದದ್ದನ್ನು ಲ್ಯಾಬಿಗೆ ಕಳಿಸಲು ಬರುವುದಿಲ್ಲ. ಬೆನ್ನಿನ ಪ್ರತಿ ಗಂಟಿಗೂ ಮೊದಲು ಸೂಜಿ ಚುಚ್ಚಿ ಜೀವಕೋಶ ಪರೀಕ್ಷೆ ಮಾಡಿಸಿ. ಮಾಸ್ಟ್ ಸೆಲ್ ಗಡ್ಡೆ ಎಂಬ ಚರ್ಮದ ಕ್ಯಾನ್ಸರ್ ಕಣ್ಣಿಗೆ ನರಹುಲಿಯಂತೆಯೇ ಕಾಣಬಹುದು. ಅದನ್ನು ಸುತ್ತಲಿನ ಒಳ್ಳೆಯ ಚರ್ಮದ ಸಮೇತ ಕತ್ತರಿಸಿಯೇ ತೆಗೆಯಬೇಕು.

ರೆಪ್ಪೆಗೆ ಮಾತ್ರ ಕಾರ್ಬನ್ ಡೈಆಕ್ಸೈಡ್ ಲೇಸರ್ ಚೆನ್ನಾಗಿ ಒಗ್ಗುತ್ತದೆ. ಅದರ 10,600 ನ್ಯಾನೋಮೀಟರ್ ಕಿರಣವನ್ನು ಜೀವಕೋಶದ ನೀರು ಹೀರಿಕೊಂಡು ಆವಿಯಾಗುತ್ತದೆ. ಸುಮಾರು ಅರ್ಧ ಮಿಲಿಮೀಟರ್‌ವರೆಗಿನ ರಕ್ತನಾಳಗಳು ಅಲ್ಲೇ ಮುಚ್ಚಿಕೊಳ್ಳುತ್ತವೆ. ಹೊಲಿಗೆಯ ದಾರ ಕಣ್ಣಿಗೆ ಉಜ್ಜುವ ತಾಪತ್ರಯವಿಲ್ಲ. ಹೊರಚಾಚಿದ ಭಾಗವನ್ನು ಕತ್ತರಿಸಿ ಲ್ಯಾಬ್ ಪರೀಕ್ಷೆಗೆಂದು ಫಾರ್ಮಲಿನ್‌ಗೆ ಹಾಕಿ, ಬುಡವನ್ನು ಪದರಪದರವಾಗಿ ಆವಿ ಮಾಡುತ್ತಾರೆ. ಈ ಗಂಟು ಸಾಮಾನ್ಯವಾಗಿ ರೆಪ್ಪೆಯೊಳಗಿನ ಎಣ್ಣೆಗ್ರಂಥಿಯಲ್ಲಿ ಬೇರೂರಿರುತ್ತದೆ. ಬುಡ ಉಳಿದರೆ ಮತ್ತೆ ಚಿಗುರುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಮಸಿಯಿಂದ. ಪ್ರತಿ ಪದರದ ನಂತರ ಕರಿ ಪೊರೆ ಕೂರುತ್ತದೆ. ಅದರಲ್ಲಿ ನೀರಿಲ್ಲ, ಹಾಗಾಗಿ ಕಿರಣ ಬಿದ್ದರೆ ಆವಿಯಾಗದೆ ಕೆಂಡದಂತೆ ಕಾದು ಕೆಳಗಿನ ಒಳ್ಳೆಯ ಚರ್ಮವನ್ನೂ ಬೇಯಿಸುತ್ತದೆ. ಗಾಯ ವಾರಗಟ್ಟಲೆ ಮಾಯುವುದಿಲ್ಲ. ಸಲೈನ್‌ನಲ್ಲಿ ಅದ್ದಿದ ಗಾಜ್‌ನಿಂದ ಅದನ್ನು ಒರೆಸಿ, ಗುಲಾಬಿ ಬಣ್ಣ ಕಂಡ ಮೇಲೆಯೇ ಮುಂದಿನ ಪದರಕ್ಕೆ ಹೋಗಬೇಕು.

ಕಣ್ಣುಗುಡ್ಡೆ ಮತ್ತು ರೆಪ್ಪೆಯ ನಡುವೆ ಲೋಹದ ರಕ್ಷಾಫಲಕ, ಸುತ್ತ ಒದ್ದೆ ಗಾಜ್ ಇರಲೇಬೇಕು. ಸ್ಪಿರಿಟ್ ಹಚ್ಚಿ ಶುಚಿ ಮಾಡಿದರೆ, ಅರಿವಳಿಕೆಯ ಆಮ್ಲಜನಕ ಸೋರಿದರೆ ಬೆಂಕಿ ಹತ್ತೀತು. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಕಣ್ಣಿಗೆ ಕೆಡುಕು. 50 ಪಾಲು ಸಲೈನ್‌ಗೆ ಒಂದು ಪಾಲು ಪೊವಿಡೋನ್ ಅಯೋಡಿನ್ ದ್ರಾವಣ ಸಾಕು, ನೊರೆ ಬರುವ ಸ್ಕ್ರಬ್ ಬೇಡ. ನರಹುಲಿ ಸುಟ್ಟ ಹೊಗೆಯಲ್ಲಿ ವೈರಸ್ ಅಂಶ ಇರಬಹುದಾದ್ದರಿಂದ ಹೊಗೆ ಎಳೆಯುವ ಯಂತ್ರದ ನಳಿಗೆ ಗಾಯದ ಪಕ್ಕದಲ್ಲೇ ಇರಲಿ.

ಮನೆಗೆ ಬಂದ ಮೇಲೆ ಕೆರೆದುಕೊಳ್ಳದಂತೆ ಹಾಕಿದ ಲಾಳಿಕೆಯಾಕಾರದ ಕೊರಳಪಟ್ಟಿ ತೆಗೆಯಬೇಡಿ, ನಾಯಿ ಎಷ್ಟೇ ಗೋಗರೆದರೂ. ಒಂದೇ ಸಲ ಕಾಲಲ್ಲಿ ಕೆರೆದುಕೊಂಡರೂ ಹಕ್ಕಳೆ ಕಿತ್ತು ಬರುತ್ತದೆ. ಆ ಜಾಗದ ಕೂದಲು ಬೆಳ್ಳಗಾಗಬಹುದು, ಗಾಬರಿ ಬೇಡ.

ಪ್ರಶ್ನೆ: ಬೆಕ್ಕಿನ ಕಜ್ಜಿಗೂ ಲೇಸರ್ ಆಗುತ್ತದೆಯೇ?

ಉತ್ತರ: ಇಲ್ಲ. ಕಜ್ಜಿಯ ಹುಳುವಿಗೆ ಔಷಧಿಯೇ ಬೇಕು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಮನೆಯ ಉಳಿದ ಬೆಕ್ಕುಗಳಿಗೂ ಜೊತೆಯಲ್ಲೇ ಚಿಕಿತ್ಸೆ ಕೊಡಿಸಿ. ನಾಯಿಗೆಂದು ತಂದ ಪರ್ಮೆಥ್ರಿನ್ ಎಂಬ ಕೀಟನಾಶಕ ಹಚ್ಚಬೇಡಿ, ಬೆಕ್ಕಿಗೆ ಅದು ವಿಷ.