ಗಾಳಿಕೊಳವೆ ನೋಡದೆ ಪಂಪ್ ಹಚ್ಚಬೇಡಿ

ಪ್ರಶ್ನೆ: ದೋಣಿಯ ಶೌಚದ ಟ್ಯಾಂಕ್ ಖಾಲಿ ಮಾಡುವಾಗ ದಡದ ಪಂಪ್ ಒಂದು ನಿಮಿಷ ಚೆನ್ನಾಗಿ ಎಳೆಯಿತು. ಆಮೇಲೆ ಹರಿವು ನಿಂತು ಒಳಗಿಂದ 'ಟಕ್' ಎಂದಿತು. ಪಂಪಿಗೆ ಶಕ್ತಿ ಸಾಲದೇ?

ಉತ್ತರ: ಶಕ್ತಿ ಸಾಲದ್ದಲ್ಲ, ಗಾಳಿ ಸಾಲದ್ದು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಗಾಳಿಕೊಳವೆಯ ಬಾಯಿ ಎಲ್ಲಿದೆಯೆಂದು ನೋಡಿದವರೇ ಅಪರೂಪ. ಎಷ್ಟು ಕೊಳಚೆ ಹೊರಗೆ ಹೋಗುತ್ತದೋ ಅಷ್ಟು ಗಾಳಿ ಒಳಗೆ ಬರಬೇಕು. ಕಣಜದ ಗೂಡು, ಉಪ್ಪು, ಟ್ಯಾಂಕ್ ಉಕ್ಕಿದಾಗ ಕೊಳವೆಗೇರಿ ಒಣಗಿದ ಹೊಲಸು, ನೆನೆದ ಇದ್ದಿಲಿನ ಫಿಲ್ಟರ್: ಯಾವುದು ಕಟ್ಟಿಕೊಂಡರೂ ಟ್ಯಾಂಕಿನ ಗೋಡೆಯೇ ಒಳಕ್ಕೆ ಬಾಗುತ್ತದೆ. ಒಳಹೊರಗಿನ ಒತ್ತಡದಲ್ಲಿ 0.1 ಬಾರ್ ವ್ಯತ್ಯಾಸ ಬಿದ್ದರೂ ಅರ್ಧ ಮೀಟರ್ ಚೌಕದ ಗೋಡೆಯ ಮೇಲೆ ಸುಮಾರು 250 ಕಿಲೋ ಭಾರ. ಆ 'ಟಕ್' ಬಹುಪಾಲು ಅದೇ. ಬೆಸುಗೆ ಸೀಳಿಲ್ಲವೆಂದು ನೋಡಿಕೊಳ್ಳುವ ತನಕ ಪಂಪ್ ಮುಟ್ಟಬೇಡಿ.

ಮುಂದಿನ ಸಲ ಮೊದಲು ಕೊಳಚೆ ಎಳೆಯುವ ಬಾಯಿಯ ಮುಚ್ಚಳವನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ಮುಖ ದೂರವಿಡಿ. ಕೊಳವೆ ಕಟ್ಟಿದ್ದರೆ ಒಳಗಿನ ಅನಿಲ ಕೊಳಚೆಯನ್ನೇ ಚಿಮ್ಮಿಸುತ್ತದೆ. ಮುಚ್ಚಳ ತೆರೆದಿಟ್ಟೇ ಹೊರಗಿನಿಂದ ಗಾಳಿಕೊಳವೆಗೆ ನೀರು ಬಿಟ್ಟು ತೊಳೆಯಿರಿ. ಸಮುದ್ರಕ್ಕೆ ಬಿಡುವ ಕವಾಟ ಮುಚ್ಚಿರಲಿ. ಡೀಸೆಲ್ ಮುಚ್ಚಳವನ್ನು ತೆರೆದವರೂ ಇದ್ದಾರೆ, ಗುರುತು ಓದಿ. ಪಂಪಿನ ಹೋಸಿನ ಮೂತಿಯನ್ನು ಆ ಬಾಯಿಗೆ ಕೂರಿಸಿ, ಪಂಪ್ ಹಚ್ಚಿ, ಮೂತಿಯ ಕವಾಟವನ್ನು ನಿಧಾನ ತೆರೆಯಿರಿ. ಗಾಳಿಕೊಳವೆಯ ಬಾಯಿಗೆ ಟಿಶ್ಯೂ ಕಾಗದದ ಚೂರು ಹಿಡಿದರೆ ಒಳಕ್ಕೆ ಸೆಳೆಯಬೇಕು. ಸೆಳೆಯದಿದ್ದರೆ ತಕ್ಷಣ ನಿಲ್ಲಿಸಿ. ಪಂಪಿನ ಹೋಸಿನ ಗಾಜಿನ ಕಿಂಡಿಯಲ್ಲಿ ಹರಿವು ತೆಳುವಾದಾಗ 20 ಲೀಟರ್ ನೀರು ಸುರಿದು, ಐದು ನಿಮಿಷ ಬಿಟ್ಟು, ಮತ್ತೆ ಎಳೆಯಿರಿ. ತಿಳಿ ಬರುವವರೆಗೆ ಇಷ್ಟೇ. ಮುಗಿಸುವಾಗ ಮೊದಲು ಮೂತಿಯ ಕವಾಟ ಮುಚ್ಚಿ, ನಂತರ ಪಂಪ್ ನಿಲ್ಲಿಸಿ. ತೊಳೆಯಲು ಕುಡಿಯುವ ನೀರಿನ ಹೋಸ್ ತಂದರೆ ನನ್ನ ಉತ್ತರ ಓದಿದ್ದು ವ್ಯರ್ಥ.

ಪ್ರಶ್ನೆ: ಮಂಜುಗಡ್ಡೆ ಹಾಕಿ ದೋಣಿ ಓಡಿಸಿದರೆ ಟ್ಯಾಂಕ್ ಉಜ್ಜಿದಂತಾಗುತ್ತದಂತೆ?

ಉತ್ತರ: ಮಂಜುಗಡ್ಡೆ ತೇಲುತ್ತದೆ, ಗಸಿ ತಳದಲ್ಲಿರುತ್ತದೆ.

ಪ್ರಶ್ನೆ: ವಾಸನೆಗೆ ಬ್ಲೀಚ್ ಹಾಕಲೇ?

ಉತ್ತರ: ಬೇಡ. ಮೂತ್ರದ ಅಮೋನಿಯಾ ಜೊತೆ ಸೇರಿ ವಿಷದ ಹಬೆ ಏಳುತ್ತದೆ, ರಬ್ಬರ್ ಕವಾಟಗಳೂ ಕೆಡುತ್ತವೆ. ಬ್ಲೀಚಿನ ಜೊತೆಗೆ ಆಮ್ಲದ ಕ್ಲೀನರನ್ನೂ ಸುರಿಯಿರಿ ಎನ್ನುವ ಪಂಡಿತರಿಂದ ದೂರವಿರಿ. ಅದರಿಂದ ಹುಟ್ಟುವುದು ಕ್ಲೋರಿನ್ ಅನಿಲ.

ಪ್ರಶ್ನೆ: ಈಗ ವಾಸನೆಯೇ ಇಲ್ಲ. ತಪಾಸಣೆಯ ಬಾಗಿಲಿನಿಂದ ತಲೆ ಹಾಕಿ ನೋಡಬಹುದೇ?

ಉತ್ತರ: ಖಂಡಿತ ಇಲ್ಲ. ಹೈಡ್ರೋಜನ್ ಸಲ್ಫೈಡ್ ದಶಲಕ್ಷಕ್ಕೆ 100 ಪಾಲಿನ ಆಸುಪಾಸು ತಲುಪಿದರೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಕ್ಯಾಮೆರಾ ಇಳಿಸಿ.